ನೀನೂ ಇದ್ದಿದ್ದರೆ

ಕನ್ನಡ ಮೇಷ್ಟರಿಗೆ ಇಂಥ ಸಂಗೀತವೇ ಇಷ್ಟವಾಗಬೇಕೆಂದು ಲೋಕ ಮೊದಲೇ ಗೊತ್ತುಮಾಡಿಬಿಟ್ಟಿದೆ. ಗಮಕವಾದರೆ ಸರಿ, ಕುಮಾರವ್ಯಾಸನನ್ನು ಯಾರಿಂದಲಾದರೂ ಹಾಡಿಸಿ ಕೇಳಿ ತಲೆದೂಗಿದರೆ ಯಾರೂ ಆಶ್ಚರ್ಯಪಡುವುದಿಲ್ಲ. ಭಾವಗೀತೆಯಾದರೆ ಇನ್ನೂ ಸರಿ. ದಾಸರ ಪದ, ವಚನ, ಅವೂ ಆಗಬಹುದು. ತೀರ ಧೈರ್ಯ ಮಾಡಿದರೆ ಹಳೆಯ ಹಿಂದೀ ಚಿತ್ರಗೀತೆಗಳವರೆಗೆ ಹೋಗಿಬರಬಹುದು. ಅದರಾಚೆ ಕಾಲಿಟ್ಟರೆ ಜನ ನಮ್ಮನ್ನು ಅನುಮಾನದಿಂದ ನೋಡುತ್ತಾರೆ. ಒಮ್ಮೆ ಉತ್ತರಪತ್ರಿಕೆಗಳ ಮೌಲ್ಯಮಾಪನದ ನಡುವೆ, ಕಾಫಿಯ ಬಿಡುವಿನಲ್ಲಿ, ಯಾರಿಗೆ ಯಾವ ಸಂಗೀತ ಇಷ್ಟ ಎಂಬ ಮಾತು ಬಂತು. ನನ್ನ ಸರದಿ ಬಂದಾಗ, "ಪಿಂಕ್ ಫ್ಲಾಯ್ಡ್ ತಂಡದ ‘ವಿಷ್ ಯು ವರ್ ಹಿಯರ್’" ಎಂದೆ. ಇಂಗ್ಲಿಷ್ ವಿಭಾಗದ ಗೆಳೆಯರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಸಂಸ್ಕೃತದ ಹಿರಿಯರೊಬ್ಬರು ಮಾತ್ರ ಸಾವಧಾನವಾಗಿ, "ಅದು ಯಾವ ರಾಗ?" ಎಂದು ಕೇಳಿದರು.

ಇಂಗ್ಲಿಷ್ ಗೆಳೆಯರ ಅಚ್ಚರಿಗಿಂತ ಈ ಪ್ರಶ್ನೆಯೇ ನನಗೆ ಹೆಚ್ಚು ಹಿಡಿಸಿತು. ರಾಗವೆಂದು ಹೇಳಲಾರೆ, ಆದರೆ ಅದರಲ್ಲಿ ಆಲಾಪನೆ ಖಂಡಿತ ಉಂಟು. ಈ ಪ್ಲೇಟಿನ ಮೊದಲ ಹಾಡಿಗೆ ಸೂಜಿ ಇಟ್ಟರೆ ಕೇಳಿಬರುವುದು ಮಾತಲ್ಲ, ತಾಳವಲ್ಲ, ಒಂದು ಶ್ರುತಿ. ನಮ್ಮವರು ತಂಬೂರಿ ಮೀಟಿ ಕಣ್ಣು ಮುಚ್ಚಿ ಕುಳಿತುಕೊಳ್ಳುವರಲ್ಲ, ಹಾಗೆ ಒಂದು ನಾದ ಮಂಜಿನಂತೆ ಕವಿಯುತ್ತ ಬರುತ್ತದೆ. ಅದರ ಮೇಲೆ ರಿಚರ್ಡ್ ರೈಟನ ಸಿಂಥಸೈಸರು ಮೆಲ್ಲಗೆ ಸುಳಿಯುತ್ತದೆ. ಆಮೇಲೆ ಡೇವಿಡ್ ಗಿಲ್ಮರನ ಗಿಟಾರು, ಎಲ್ಲಿಗೂ ಹೋಗುವ ಅವಸರವಿಲ್ಲದವರ ಹಾಗೆ, ಒಂದು ಮಾತು ಆಡಿ ನಿಲ್ಲಿಸಿ, ಇನ್ನೊಂದು ಆಡಿ ನಿಲ್ಲಿಸಿ, ಮುಂದುವರಿಯುತ್ತದೆ. ಸುಮಾರು ನಾಲ್ಕು ನಿಮಿಷ ಕಳೆಯುವ ಹೊತ್ತಿಗೆ ಎಲ್ಲ ನಾದವೂ ಆರಿ, ನಾಲ್ಕೇ ನಾಲ್ಕು ಸ್ವರಗಳು ಒಂದರ ಹಿಂದೊಂದು ಬೀಳುತ್ತವೆ. ಖಾಲಿ ಮನೆಯಲ್ಲಿ ಯಾರೋ ಹೆಸರು ಹಿಡಿದು ಕರೆದಂತೆ. ಉತ್ತರ ಬರುವುದಿಲ್ಲ. ಮತ್ತೆ ಕರೆಯುತ್ತದೆ. ಮನುಷ್ಯನ ದನಿ ಬರುವುದು ಎಂಟು ನಿಮಿಷ ದಾಟಿದ ಮೇಲೆ. ಅಷ್ಟು ಹೊತ್ತಿಗೆ ನಮ್ಮ ಚಲನಚಿತ್ರಗಳಲ್ಲಿ ಎರಡು ಹಾಡು ಮುಗಿದು ನಾಯಕ ನಾಯಕಿಯರು ಊಟಿಯಿಂದ ಹಿಂದಿರುಗಿರುತ್ತಾರೆ.

ಈ ಬಗೆಯ ಸಂಗೀತಕ್ಕೆ ಇಂಗ್ಲಿಷಿನಲ್ಲಿ ‘ಪ್ರೋಗ್ರೆಸಿವ್ ರಾಕ್’ ಎಂದು ಹೆಸರು. ಅದನ್ನು ಪ್ರಗತಿಶೀಲ ಎಂದು ಕನ್ನಡಿಸಿದರೆ ಕೆಟ್ಟಿತು, ಅ.ನ.ಕೃ., ನಿರಂಜನ, ಕಟ್ಟೀಮನಿ ಅವರೆಲ್ಲ ಗಿಟಾರು ಹಿಡಿದು ನಿಂತ ಚಿತ್ರ ಕಣ್ಣ ಮುಂದೆ ಬರುತ್ತದೆ. ನಿಜವಾಗಿ ಆದದ್ದು ಇಷ್ಟು: ೧೯೬೦ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ಯುವಕರಿಗೆ ಮೂರು ನಿಮಿಷದ ಕುಣಿತದ ಹಾಡು ಸಾಲದೆ ಬಂತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದ, ಜಾಜಿನಿಂದ, ಹಳ್ಳಿಯ ಹಾಡುಗಳಿಂದ ತಮಗೆ ಬೇಕಾದುದನ್ನೆಲ್ಲ ತೆಗೆದುಕೊಂಡು, ಪ್ಲೇಟಿನ ಒಂದು ಪಕ್ಕವನ್ನೆಲ್ಲ ಒಂದೇ ಹಾಡಿಗೆ ಕೊಡುವ ಧೈರ್ಯ ಮಾಡಿದರು. ಮುಕ್ತಕ ಬರೆಯುತ್ತಿದ್ದವರು ಖಂಡಕಾವ್ಯಕ್ಕೆ ಕೈಹಾಕಿದರೆನ್ನಿ. ಅವರಲ್ಲಿ ಬಹಳ ಜನ ತಮ್ಮ ವಿದ್ಯೆ ತೋರಿಸುವುದರಲ್ಲೇ ದಣಿದುಹೋದರು. ನಮ್ಮಲ್ಲಿಯೂ ಚಂಪೂ ಕವಿಗಳಲ್ಲಿ ಕೆಲವರಿಗೆ ಈ ರೋಗವಿತ್ತು. ಹದಿನೆಂಟು ವರ್ಣನೆ ಮುಗಿಯುವವರೆಗೆ ಕಥಾನಾಯಕನಿಗೆ ಮನೆ ಬಿಟ್ಟು ಹೊರಡಲು ಅಪ್ಪಣೆಯಿಲ್ಲ. ಪಿಂಕ್ ಫ್ಲಾಯ್ಡ್ ಅವರಿಗೆ ಬೆರಳಿನ ವೇಗ ಅಷ್ಟೇನೂ ಇರಲಿಲ್ಲ, ಅಥವಾ ಇದ್ದರೂ ಅದನ್ನು ಮೆರೆಸುವ ಆಸೆ ಇರಲಿಲ್ಲ. ಅವರಿಗೆ ಗೊತ್ತಿದ್ದ ವಿದ್ಯೆ ಒಂದೇ: ಕಾಯುವುದು.

ನನಗೆ ಈ ಪ್ಲೇಟನ್ನು ಕೇಳಿಸಿದವರು ನನ್ನ ಸೋದರಮಾವ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ನಕಾಶೆ ಬರೆಯುವ ಕೆಲಸದಲ್ಲಿದ್ದರು. ಒಂಟಿ ಕೋಣೆ, ಒಂದು ಹಾಸಿಗೆ, ಒಂದು ಸೀಮೆಎಣ್ಣೆ ಸ್ಟೌ, ಗೋಡೆಗೆ ಒರಗಿಸಿದ ಮೂವತ್ತು ನಲವತ್ತು ಪ್ಲೇಟುಗಳು, ಅವನ್ನು ನುಡಿಸುವ ಒಂದು ಯಂತ್ರ. ೧೯೯೦ರ ಬೇಸಗೆ ರಜಕ್ಕೆ ನನ್ನನ್ನು ಅಲ್ಲಿಗೆ ಕಳುಹಿಸಿದ್ದರು. ಆಗ ನನಗೆ ಹನ್ನೊಂದು ವರ್ಷ. ಐದನೇ ತರಗತಿಯಲ್ಲಿ ಇಂಗ್ಲಿಷ್ ಅಕ್ಷರ ಶುರುವಾಗುತ್ತಿದ್ದ ಶಾಲೆಯ ಹುಡುಗ ನಾನು. ಇಂಗ್ಲಿಷ್ ಹಾಡು ಅರ್ಥವಾಗುವ ಮಾತೆಲ್ಲಿ ಬಂತು? ಸಂಜೆ ಮಾವ ಕೈಕಾಲು ತೊಳೆದು, ಅಂಗಿ ಬದಲಾಯಿಸಿ, ದೇವರ ಮುಂದೆ ಕುಳಿತುಕೊಳ್ಳುವವರ ಹಾಗೆ ಚಕ್ಕಳಮಕ್ಕಳ ಹಾಕಿಕೊಂಡು ಕುಳಿತು ಪ್ಲೇಟು ಹಾಕುತ್ತಿದ್ದರು. "ಮಾತಾಡಬೇಡ ಕಣೋ, ಇನ್ನೂ ಅವನು ಬಂದಿಲ್ಲ" ಎನ್ನುತ್ತಿದ್ದರು. ಹಾಡುವವನು ಇನ್ನೂ ಬಂದಿಲ್ಲ ಎಂದು ನಾನು ತಿಳಿದುಕೊಳ್ಳುತ್ತಿದ್ದೆ. ಎಂಟು ನಿಮಿಷ ಮಾತಾಡದೆ ಕೂರುವುದನ್ನು ನಾನು ಕಲಿತದ್ದು ಹಾಗೆ. ಕಾಲೇಜಿನಲ್ಲಿ ಈಗ ಅದನ್ನು ಹುಡುಗರಿಗೆ ಕಲಿಸಲು ಸಾಧ್ಯವಾದರೆ ನನ್ನ ಅರ್ಧ ಕೆಲಸ ಹಗುರಾಗುತ್ತಿತ್ತು.

ಮಾವನ ‘ಅವನು’ ಯಾರೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಈ ಪ್ಲೇಟಿನ ಕಥೆಯೆಲ್ಲ ಆ ಒಬ್ಬನ ಸುತ್ತ ಸುತ್ತುತ್ತದೆ. ಸ್ವಲ್ಪ ವಿವರವಾಗಿ ಹೇಳಬೇಕು.

ಕೇಂಬ್ರಿಜ್ ಊರಿನ ಹುಡುಗ ಸಿಡ್ ಬ್ಯಾರೆಟ್. ಹುಟ್ಟಿದ್ದು ೧೯೪೬ರಲ್ಲಿ. ಮನೆಯವರಿಟ್ಟ ಹೆಸರು ರಾಜರ್. ಸಿಡ್ ಎಂಬುದು ಗೆಳೆಯರ ಹೆಸರು. ಚಿತ್ರ ಬರೆಯುತ್ತಿದ್ದ, ಹಾಡು ಕಟ್ಟುತ್ತಿದ್ದ, ನೋಡುವುದಕ್ಕೂ ಚೆನ್ನಾಗಿದ್ದ. ಅದೇ ಊರಿನ ರಾಜರ್ ವಾಟರ್ಸ್, ಲಂಡನ್ನಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದಾಗ ಜೊತೆಯಾದ ನಿಕ್ ಮೇಸನ್ ಮತ್ತು ರಿಚರ್ಡ್ ರೈಟ್, ಇವರೊಡನೆ ಸೇರಿ ಒಂದು ತಂಡವಾಯಿತು. ತಂಡಕ್ಕೆ ಹೆಸರಿಟ್ಟವನೂ ಸಿಡ್‌ನೇ: ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಅಮೆರಿಕದ ಇಬ್ಬರು ಬ್ಲೂಸ್ ಹಾಡುಗಾರರ ಹೆಸರುಗಳ ಒಂದೊಂದು ತುಂಡನ್ನು ಜೋಡಿಸಿದ. ೧೯೬೭ರಲ್ಲಿ ಬಂದ ಅವರ ಮೊದಲ ಪ್ಲೇಟಿನಲ್ಲಿ ಹೆಚ್ಚಿನ ಹಾಡುಗಳು ಅವನವೇ. ಆ ವರ್ಷ ಮುಗಿಯುವುದರೊಳಗೆ ಅವನು ಕೈತಪ್ಪಿಹೋಗತೊಡಗಿದ. ಎಲ್.ಎಸ್.ಡಿ. ಎಂಬ ಮದ್ದೇ ಕಾರಣವೆಂದವರು ಕೆಲವರು. ಮೊದಲೇ ಇದ್ದ ಬಿರುಕು ಅದರಿಂದ ದೊಡ್ಡದಾಯಿತೆಂದವರು ಕೆಲವರು. ವೇದಿಕೆಯ ಮೇಲೆ ಗಿಟಾರು ಹೆಗಲಿಗೆ ಹಾಕಿಕೊಂಡು ಸುಮ್ಮನೆ ನಿಂತುಬಿಡುವನು; ಇಲ್ಲವೆ ಒಂದೇ ಸ್ವರವನ್ನು ಹಿಡಿದು ಕೂರುವನು. ಅವನ ಬದಲಿಗೆ ನುಡಿಸಲೆಂದು ಅವನದೇ ಊರಿನ ಗೆಳೆಯ ಗಿಲ್ಮರನನ್ನು ಕರೆಸಿಕೊಂಡರು. ಕೆಲವು ದಿನ ಐದು ಜನರೂ ಒಟ್ಟಿಗಿದ್ದರು. ೧೯೬೮ರ ಜನವರಿಯಲ್ಲಿ ಒಂದು ದಿನ ಸೌತಾಂಪ್ಟನ್ನಿನ ಕಚೇರಿಗೆ ಗಾಡಿಯಲ್ಲಿ ಹೊರಟರು. ದಾರಿಯಲ್ಲಿ ಸಿಡ್‌ನನ್ನು ಹತ್ತಿಸಿಕೊಳ್ಳಬೇಕಲ್ಲ ಎಂದು ಯಾರೋ ಕೇಳಿದರು. ಬೇಡ ಬಿಡಿ ಎಂದು ಇನ್ನಾರೋ ಅಂದರು. ಅಷ್ಟೇ. ಜಗಳವಿಲ್ಲ, ಪಂಚಾಯಿತಿಯಿಲ್ಲ, ಬೀಳ್ಕೊಡುಗೆಯ ಸಭೆಯಿಲ್ಲ. ಗಾಡಿ ಮುಂದೆ ಹೋಯಿತು.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಮ್ಮ ಮನೆಯಲ್ಲಿಯೂ ಅಂಥದೊಂದು ಗಾಡಿ ಹೊರಟಿತ್ತು.

ಮಾವ ೧೯೯೨ರಲ್ಲಿ ಕೆಲಸ ಬಿಟ್ಟು ಊರಿಗೆ ಬಂದರು. ಬಿಟ್ಟರೋ, ಬಿಡಿಸಿದರೋ, ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. "ಮನಸ್ಸಿಗೆ ಸ್ವಲ್ಪ ಹೀಗಾಗಿದೆ" ಎಂದು ನನ್ನ ತಾಯಿ ಬಲಗೈಯನ್ನು ಗಾಳಿಯಲ್ಲಿ ಅತ್ತಿತ್ತ ಆಡಿಸಿ ತೋರಿಸುತ್ತಿದ್ದರು. ಆ ಕೈಸನ್ನೆಯೇ ನಮ್ಮಲ್ಲಿ ಆ ರೋಗದ ಹೆಸರು. ಆಸ್ಪತ್ರೆಗೆ ಕರೆದುಕೊಂಡು ಹೋದರು, ಗುಳಿಗೆ ಕೊಡಿಸಿದರು, ನಡುವೆ ಒಂದೆರಡು ದೇವಸ್ಥಾನಗಳೂ ಆದವು. ಮಾವ ಯಾರಿಗೂ ತೊಂದರೆ ಕೊಟ್ಟವರಲ್ಲ. ಬಾವಿಯಿಂದ ನೀರು ಸೇದುವರು, ಹಸುವಿಗೆ ಹುಲ್ಲು ಹಾಕುವರು, ಮಿಕ್ಕ ಹೊತ್ತು ಜಗಲಿಯ ಕಂಬಕ್ಕೆ ಒರಗಿ ಕುಳಿತಿರುವರು. ಮಾತು ಮಾತ್ರ ನಿಂತಿತು; ನಿಂತಿತೆಂದರೆ ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಬರುವುದು, ಅದೂ ಅರ್ಧ ಗಂಟೆಯ ಮೇಲೆ. ೧೯೯೪ರಲ್ಲಿ ನಮ್ಮ ನೆಂಟರ ಮನೆಯಲ್ಲೊಂದು ಮದುವೆ. ಮೆಟಾಡೋರ್ ಗಾಡಿ ಬೆಳಗ್ಗೆ ಐದಕ್ಕೇ ಬಾಗಿಲಿಗೆ ಬಂದಿತ್ತು. ಮಾವ ಇಸ್ತ್ರಿ ಮಾಡಿದ ಬಿಳಿಯ ಪಂಚೆ ಉಟ್ಟು, ತಲೆ ಬಾಚಿಕೊಂಡು ಜಗಲಿಯ ಮೇಲೆ ನಿಂತಿದ್ದರು. ಹಿರಿಯರೊಬ್ಬರು ಗಾಡಿಯ ಒಳಗಿನಿಂದ ನನ್ನ ತಾಯಿಗೆ ಮೆಲ್ಲನೆ ಹೇಳಿದರು: "ಈ ಸಲ ಬೇಡ ಬಿಡಮ್ಮ. ಅಲ್ಲಿ ನೂರು ಜನ ನೂರು ಕೇಳುತ್ತಾರೆ." ತಾಯಿ ಏನೂ ಅನ್ನಲಿಲ್ಲ. ಹಿಂದಿನ ಗಾಜಿನಿಂದ ನೋಡಿದರೆ ಮಾವ ಇನ್ನೂ ಅಲ್ಲೇ ನಿಂತಿದ್ದರು. ಕೋಪವೂ ಇಲ್ಲ, ಬೇಸರವೂ ಇಲ್ಲ, ಗಾಡಿ ತಿರುಗಿಸಿಕೊಂಡು ಬರುತ್ತದೆಂದು ತಿಳಿದವರ ಹಾಗೆ.

ಸಿಡ್‌ನನ್ನು ಬಿಟ್ಟುಹೋದವರು ಕೆಟ್ಟವರೆಂದು ಹೇಳಿಬಿಡುವುದು ಸುಲಭ. ಆದರೆ ಅವರೇ ೧೯೭೦ರಲ್ಲಿ ಅವನ ಎರಡು ಸ್ವಂತ ಪ್ಲೇಟುಗಳಿಗೆ ಹೆಗಲು ಕೊಟ್ಟರು. ಹಾಡು ಎಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಾಗದ ಆ ಹುಡುಗನ ಹಿಂದೆ ಕುಳಿತು, ಅವನು ಹೋದ ಕಡೆ ಹೋಗಿ ನುಡಿಸಿ, ಮುಗಿಸಿಕೊಟ್ಟರು. ಅವನಿಗೆ ಬರಬೇಕಾದ ಹಣ ಅವನಿಗೆ ಸೇರುವಂತೆ ಗಿಲ್ಮರ್ ಕೊನೆಯವರೆಗೂ ನೋಡಿಕೊಂಡ. ಮನುಷ್ಯರು ಬಿಡುವುದೂ ಹೀಗೇ, ಹಿಡಿದುಕೊಳ್ಳುವುದೂ ಹೀಗೇ. ಎರಡೂ ಒಂದೇ ಕೈಯಿಂದ ನಡೆಯುತ್ತದೆ. ಸಿಡ್ ಅಮ್ಮನ ಮನೆಗೆ ಹಿಂದಿರುಗಿದ. ಇವರಿಗೆ ೧೯೭೩ರಲ್ಲಿ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಬಂದು ಲೋಕದ ದುಡ್ಡೆಲ್ಲ ಮನೆಗೆ ಹರಿಯಿತು. ದುಡ್ಡು ಬಂದ ಮೇಲೆ ಏನು ಮಾಡಬೇಕೆಂದು ತೋಚಲಿಲ್ಲ. ವಾದ್ಯಗಳೇ ಬೇಡ, ಮನೆಯ ಸಾಮಾನುಗಳಿಂದ ಸಂಗೀತ ಮಾಡೋಣವೆಂದು ರಬ್ಬರು ಪಟ್ಟಿ, ಗಾಜಿನ ಲೋಟ ಎಲ್ಲವನ್ನೂ ತಂದಿಟ್ಟುಕೊಂಡು ವಾರಗಟ್ಟಲೆ ಒದ್ದಾಡಿ ಕೈಬಿಟ್ಟರು. ಹುಚ್ಚಾಟವೆಂದು ನಗಬೇಡಿ. ಮೊದಲಲ್ಲಿ ಹೇಳಿದೆನಲ್ಲ ಆ ಶ್ರುತಿ, ಅದರೊಳಗೆ ಮಿಣುಗುಟ್ಟುವುದು ಆ ಒದ್ದಾಟದಿಂದ ಉಳಿದುಬಂದ ಗಾಜಿನ ಲೋಟಗಳ ನಾದವೇ. ಒದ್ದೆ ಬೆರಳಿನಿಂದ ಲೋಟದ ಅಂಚನ್ನು ಉಜ್ಜಿದರೆ ಹುಟ್ಟುವ ದನಿ. ನಮ್ಮ ಜಲತರಂಗದ ದೂರದ ದಾಯಾದಿಯೆನ್ನಬಹುದು.

೧೯೭೪ರಲ್ಲಿ ಅಭ್ಯಾಸದ ಕೋಣೆಯಲ್ಲಿ ಗಿಲ್ಮರನ ಬೆರಳಿಗೆ ಆ ನಾಲ್ಕು ಸ್ವರ ಸಿಕ್ಕಿತು. ಕೇಳಿದ ವಾಟರ್ಸನಿಗೆ ಬಿಟ್ಟುಬಂದ ಗೆಳೆಯನ ನೆನಪಾಯಿತು, ಮಾತು ಬರೆದ. ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಎಂಬ ಒಂಬತ್ತು ಭಾಗಗಳ ಹಾಡಾಯಿತು. ಹುಚ್ಚು ವಜ್ರವೇ, ಹೊಳೆಯುತ್ತಿರು ಎಂದು ಅರ್ಥ. ಅದನ್ನು ಎರಡಾಗಿ ಸೀಳಿ, ಮೊದಲ ಐದು ಭಾಗಗಳನ್ನು ಪ್ಲೇಟಿನ ಆದಿಯಲ್ಲಿಯೂ ಉಳಿದ ನಾಲ್ಕನ್ನು ಅಂತ್ಯದಲ್ಲಿಯೂ ಇಟ್ಟು, ನಡುವೆ ಮೂರು ಹಾಡು ಸೇರಿಸಿದರು. ಒಟ್ಟು ನಲವತ್ತನಾಲ್ಕು ನಿಮಿಷ.

ಹಾಡಿನಲ್ಲಿ ಹುಚ್ಚ ಎಂಬ ಮಾತನ್ನು ಗೆಳೆಯನಿಗೆ ಹೇಳಬಹುದೆ ಎಂದು ಕೇಳುವವರುಂಟು. ಕನ್ನಡದಲ್ಲಿ ನಾವು ಈ ಮಾತನ್ನು ಎರಡು ರೀತಿ ಬಳಸುತ್ತೇವೆ: ಬೀದಿಯವನಿಗೆ ಹೇಳಿದರೆ ಬೈಗುಳ, ಮನೆಯವನಿಗೆ ಹೇಳಿದರೆ ಮುದ್ದು. ‘ಮರುಳ’ ಎಂಬುದಂತೂ ಇನ್ನೂ ಮೃದು; ವಚನಕಾರರು ಅದಕ್ಕೆ ಪೀಠವನ್ನೇ ಹಾಕಿಕೊಟ್ಟರು. ವಾಟರ್ಸನ ಹಾಡಿನಲ್ಲಿರುವುದು ಈ ಎರಡನೆಯ ಬಗೆಯದು. ಅವನದು ಒಳ್ಳೆಯ ಕಂಠವೇನೂ ಅಲ್ಲ. ಮೇಲಿನ ಸ್ಥಾಯಿಗೆ ಹೋದಾಗ ಎಳೆದ ಹುರಿಯಂತೆ ಬಿಗಿಯುತ್ತದೆ, ಈಗ ಹರಿಯಿತು ಎನಿಸುತ್ತದೆ. ಆದರೆ ಈ ಮಾತುಗಳನ್ನು ಗಿಲ್ಮರನ ನಯವಾದ ಕಂಠ ಹಾಡಿದ್ದರೆ ಬರಿಯ ಸ್ತೋತ್ರವಾಗುತ್ತಿತ್ತು. ಹಾಡು ಮುಗಿದ ಮೇಲೆ ಡಿಕ್ ಪ್ಯಾರಿಯ ಸ್ಯಾಕ್ಸಫೋನು ಬರುತ್ತದೆ. ಕದ್ರಿ ಗೋಪಾಲನಾಥರ ಕಲ್ಯಾಣಿ ಕೇಳಿದ ನಮ್ಮ ಕಿವಿಗೆ ಇದು ಬೇರೆಯೇ ಪ್ರಾಣಿ. ಗೋಪಾಲನಾಥರು ಆ ವಾದ್ಯವನ್ನು ಪಳಗಿಸಿ ಮಡಿ ಉಡಿಸಿದ್ದರು. ಇಲ್ಲಿ ಅದು ಕುಡಿದು ಬಂದವನ ಹಾಗೆ ಬಾಗಿಲಲ್ಲಿ ನಿಂತು ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಕೊಳ್ಳುತ್ತದೆ.

ನಡುವಿನ ಎರಡು ಹಾಡುಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ನನಗೆ ಅವುಗಳ ಮೇಲೆ ಅಷ್ಟು ಪ್ರೀತಿಯಿಲ್ಲ. ‘ವೆಲ್‌ಕಮ್ ಟು ದಿ ಮೆಷೀನ್’ ಎಂಬುದರಲ್ಲಿ ಯಂತ್ರದ ನಾಡಿ ಬಡಿಯುತ್ತಿರುತ್ತದೆ. ಹುಡುಗನೊಬ್ಬನನ್ನು ಅದು ಸ್ವಾಗತ ಹೇಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ‘ಹ್ಯಾವ್ ಎ ಸಿಗಾರ್’ ಸಂಗೀತದ ವ್ಯಾಪಾರಿಯೊಬ್ಬ ಆಡುವ ಮಾತು. ಬೆನ್ನು ತಟ್ಟಿ, ನಿಮ್ಮ ಅಭಿಮಾನಿ ನಾನು ಎಂದು ಹೊಗಳಿ, ಕೊನೆಗೆ ನಿಮ್ಮಲ್ಲಿ ಪಿಂಕ್ ಎನ್ನುವವರು ಯಾರು ಎಂದು ಕೇಳುತ್ತಾನೆ. ಆ ಹಾಡನ್ನು ತಂಡದವರು ಯಾರೂ ಹಾಡಿದ್ದಲ್ಲ. ಪಕ್ಕದ ಕೋಣೆಯಲ್ಲಿ ತನ್ನ ಕೆಲಸ ಮಾಡಿಕೊಳ್ಳುತ್ತಿದ್ದ ರಾಯ್ ಹಾರ್ಪರ್ ಎಂಬವನು ಬಂದು ಹಾಡಿಕೊಟ್ಟ. ಪ್ರಕಾಶಕರನ್ನು ಬೈದು ಬರೆದ ಪುಸ್ತಕವನ್ನು ಪ್ರಕಾಶಕರೇ ಅಚ್ಚು ಹಾಕಿಸಿ ಲಾಭ ಮಾಡಿಕೊಂಡ ಹಾಗೆ, ಈ ಹಾಡನ್ನೂ ಅದೇ ವ್ಯಾಪಾರಿಗಳು ಮಾರಿದರು. ಇದರಲ್ಲಿ ಸೋತವರು ಯಾರು?

ಈಗ ೧೯೭೫ರ ಜೂನ್ ತಿಂಗಳಿಗೆ ಬರಬೇಕು. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಹುಚ್ಚು ವಜ್ರದ ಹಾಡಿನ ಕೊನೆಯ ತಿದ್ದುಪಡಿಗಳು ನಡೆಯುತ್ತಿದ್ದವು. ದಪ್ಪನೆಯ ಮನುಷ್ಯನೊಬ್ಬ ಒಳಗೆ ಬಂದ. ತಲೆ ಬೋಳು, ಹುಬ್ಬನ್ನೂ ಬೋಳಿಸಿಕೊಂಡಿದ್ದಾನೆ. ಅಲ್ಲಿ ಇಲ್ಲಿ ನಿಂತ, ಕುಳಿತ. ಸ್ಟುಡಿಯೋ ಕೆಲಸದವನಿರಬೇಕೆಂದು ಒಬ್ಬರು, ಇನ್ನಾರದೋ ಗೆಳೆಯನಿರಬೇಕೆಂದು ಇನ್ನೊಬ್ಬರು ಅಂದುಕೊಂಡರು. ಬಹಳ ಹೊತ್ತಿನ ಮೇಲೆ ಒಬ್ಬರಿಗೆ ಗುರುತು ಹತ್ತಿತು. ಸಿಡ್! ಏಳು ವರ್ಷ ಯಾರನ್ನು ನೆನೆದು ಆ ಹಾಡು ಕಟ್ಟಿದರೋ ಅವನೇ ಹಾಡು ನುಡಿಯುತ್ತಿರುವಾಗ ಕೋಣೆಯೊಳಗೆ ನಿಂತಿದ್ದಾನೆ, ಹಾಡು ಕಟ್ಟಿದವರಿಗೆ ಅವನ ಗುರುತಿಲ್ಲ. ಆ ದಿನದ ಕಥೆಯನ್ನು ಅಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳಿದ್ದಾರೆ. ವಾಟರ್ಸ್ ಅತ್ತನೆಂಬುದನ್ನು ಹಲವರು ಹೇಳಿದ್ದಾರೆ. ಆ ಹಾಡು ತನ್ನದೆಂದು ಸಿಡ್‌ಗೆ ಹೊಳೆದಂತೆ ಯಾರಿಗೂ ಕಾಣಲಿಲ್ಲ. ಸ್ವಲ್ಪ ಹೊತ್ತಿದ್ದು ಹೊರಟುಹೋದ.

ಇದನ್ನು ಓದಿದಾಗ ಕನ್ನಡ ಮೇಷ್ಟರಾದವರಿಗೆ ಶೂನ್ಯಸಂಪಾದನೆಯ ಮರುಳಶಂಕರದೇವ ನೆನಪಾಗದೆ ಹೋಗುವುದಿಲ್ಲ. ಬಸವಣ್ಣನ ಮಹಾಮನೆಯಲ್ಲಿಯೇ, ಪ್ರಸಾದಕುಂಡದ ಬಳಿ, ಹುಚ್ಚನಂತೆ ಬಿದ್ದುಕೊಂಡಿದ್ದವನು. ದಿನವೂ ಅವನನ್ನು ದಾಟಿಕೊಂಡು ಓಡಾಡಿದ ಶರಣರಿಗೆ ಅವನು ಯಾರೆಂದು ತಿಳಿಯಲಿಲ್ಲ. ತಿಳಿಸಲು ಅಲ್ಲಮನೇ ಬರಬೇಕಾಯಿತು. ಆದರೆ ನಮ್ಮ ಕಥೆಯಲ್ಲಿ ಗುರುತು ಹತ್ತಿದೊಡನೆ ಎಲ್ಲವೂ ಸರಿಹೋಗುತ್ತದೆ. ಹುಚ್ಚು ಹುಚ್ಚಲ್ಲ, ಸಿದ್ಧಿ ಎಂದಾಗುತ್ತದೆ. ಆಬಿ ರೋಡಿನಲ್ಲಿ ಅಲ್ಲಮನಿರಲಿಲ್ಲ. ಗುರುತು ಹತ್ತಿತು, ಏನೂ ಸರಿಹೋಗಲಿಲ್ಲ. ಪಾಠ ಹೇಳುವಾಗ ನಾನು ಮರುಳಶಂಕರದೇವನ ಪ್ರಸಂಗವನ್ನು ಉತ್ಸಾಹದಿಂದಲೇ ಹೇಳುತ್ತೇನೆ. ಆದರೆ ಜಗಲಿಯ ಕಂಬಕ್ಕೆ ಒರಗಿ ಕುಳಿತವರನ್ನು ಕಂಡು ಬೆಳೆದವನಿಗೆ ಆಬಿ ರೋಡಿನ ಕಥೆಯೇ ಹೆಚ್ಚು ನಿಜವೆನಿಸುತ್ತದೆ.

ಸತ್ತವರಿಗಾಗಿ ಹಾಡುವುದಕ್ಕೆ ನಮ್ಮಲ್ಲಿ ಚರಮಗೀತೆಯುಂಟು. ರನ್ನನ ದುರ್ಯೋಧನ ರಣರಂಗದಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಅತ್ತದ್ದುಂಟು. ದೂರ ಹೋದ ನಲ್ಲನಿಗಾಗಿ ವಿರಹವುಂಟು. ಅದಕ್ಕೆ ಚಂದ್ರ, ಮಲಯಮಾರುತ, ಗಿಳಿ ಎಲ್ಲ ಸಿದ್ಧವಾಗಿವೆ. ಬದುಕಿಯೇ ಇದ್ದಾನೆ, ಪಕ್ಕದ ಊರಿನಲ್ಲಿ, ಇಲ್ಲವೆ ಪಕ್ಕದ ಕೋಣೆಯಲ್ಲಿ ಇದ್ದಾನೆ, ಆದರೂ ಇಲ್ಲ, ಎಂಬಂಥವನಿಗಾಗಿ ಹಾಡುವ ರೂಢಿ ಕಡಿಮೆ. ಸತ್ತವರ ಮೇಲೆ ನಮಗೆ ಅಧಿಕಾರ ಬರುತ್ತದೆ, ಅವರನ್ನು ಹೊಗಳಿ ನಮ್ಮವರನ್ನಾಗಿ ಮಾಡಿಕೊಳ್ಳಬಹುದು. ಬದುಕಿರುವವನು ಯಾವ ದಿನವಾದರೂ ಬಾಗಿಲು ತಳ್ಳಿಕೊಂಡು ಬಂದು ನಿಲ್ಲಬಹುದು. ಈ ಪ್ಲೇಟನ್ನು ಕೇಳುವಾಗ ನನಗೆ ಬಾಗಿಲ ಕಡೆ ಒಂದು ಕಣ್ಣು ಇಟ್ಟು ಹಾಡಿದವರ ಹಾಗೆ ಕೇಳಿಸುತ್ತದೆ. ಕ್ಷಮಿಸು ಎಂದು ಬೇಡುವುದಿಲ್ಲ, ನಮ್ಮದೇನೂ ತಪ್ಪಿಲ್ಲ ಎಂದು ವಾದಿಸುವುದೂ ಇಲ್ಲ. ಅಷ್ಟು ಹೊತ್ತು ಮಾತಿಲ್ಲದೆ ನುಡಿಸುವುದು ಬಹುಶಃ ಅದಕ್ಕೇ.

ಹೊದಿಕೆಯ ಮಾತೂ ಹೇಳಬೇಕು. ಸ್ಟಾರ್ಮ್ ಥಾರ್ಗರ್‌ಸನ್ ಎಂಬ ಚಿತ್ರಕಾರ ಮಾಡಿದ್ದು. ಇಬ್ಬರು ಸೂಟುಧಾರಿಗಳು ಕೈ ಕುಲುಕುತ್ತಿದ್ದಾರೆ. ಒಬ್ಬನ ಮೈ ಹತ್ತಿ ಉರಿಯುತ್ತಿದೆ, ಇನ್ನೊಬ್ಬನಿಗೆ ಅದರ ಪರಿವೆಯೇ ಇಲ್ಲ. ಕೈಚಳಕದ ಚಿತ್ರವಲ್ಲ. ಕ್ಯಾಲಿಫೋರ್ನಿಯಾದ ಒಂದು ಚಲನಚಿತ್ರ ಸ್ಟುಡಿಯೋದಲ್ಲಿ ಸಾಹಸ ಕಲಾವಿದನೊಬ್ಬನಿಗೆ ನಿಜವಾಗಿಯೇ ಬೆಂಕಿ ಹಚ್ಚಿ ತೆಗೆದದ್ದು. ಗಾಳಿ ತಿರುಗಿ ಅವನ ಮೀಸೆ ಸುಟ್ಟಿತಂತೆ. ಇಷ್ಟೆಲ್ಲ ಮಾಡಿ ಆ ಚಿತ್ರ ಕಾಣದ ಹಾಗೆ ಪ್ಲೇಟನ್ನು ಕಪ್ಪು ಹಾಳೆಯಲ್ಲಿ ಸುತ್ತಿ ಮಾರಿದರು. ಒಳಗೆ ಒಂದು ಅಂಚೆ ಕಾರ್ಡಿನ ಚಿತ್ರ: ಸರೋವರದಲ್ಲಿ ತಲೆಕೆಳಗಾಗಿ ಮುಳುಗಿದವನ ಕಾಲು ಮಾತ್ರ ಮೇಲಿದೆ, ನೀರಿನಲ್ಲಿ ಒಂದು ಅಲೆಯೂ ಇಲ್ಲ. ಈ ಕಾರ್ಡು ಮಾವನ ಹತ್ತಿರ ಇರಲಿಲ್ಲ. ಪರದೇಶಕ್ಕೆ ಹೊರಟ ಯಾರಿಂದಲೋ ಕೊಂಡ ಹಳೆಯ ಪ್ಲೇಟು ಅವರದು.

ಅಂಚೆ ಕಾರ್ಡೇಕೆ? ಇಂಗ್ಲಿಷರು ರಜದಲ್ಲಿ ಸಮುದ್ರತೀರಕ್ಕೆ ಹೋದಾಗ ಮನೆಯವರಿಗೆ ಬರೆಯುವ ಸಿದ್ಧ ವಾಕ್ಯವೇ ಈ ಪ್ಲೇಟಿನ ಹೆಸರು. ನಾವು ‘ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರುವುದು’ ಎನ್ನುತ್ತಿದ್ದೆವಲ್ಲ, ಹಾಗೆ; ಬರೆದವರೂ ಮನಸ್ಸಿಟ್ಟು ಬರೆಯುವುದಿಲ್ಲ, ಓದುವವರೂ ಮನಸ್ಸಿಟ್ಟು ಓದುವುದಿಲ್ಲ. ಇಂಥ ಸವೆದ ನಾಣ್ಯವನ್ನು ತೆಗೆದುಕೊಂಡು ಇವರು ಹೊಸ ಬೆಲೆ ತಂದರು. ಕನ್ನಡಕ್ಕೆ ಇದನ್ನು ತರಲು ನಾನು ಬಹಳ ಸಲ ಯತ್ನಿಸಿದ್ದೇನೆ. ‘ನೀನು ಇಲ್ಲಿರಬೇಕಾಗಿತ್ತು’ ಎಂದರೆ ಹಾಜರಿ ಹಿಡಿಯುವ ಗುಮಾಸ್ತರ ದನಿ ಬರುತ್ತದೆ. ‘ನೀನಿಲ್ಲಿರಲೆಂದು ಹಾರೈಸುತ್ತೇನೆ’ ಎಂದರೆ ಮದುವೆಯ ಕರೆಯೋಲೆ. ಕೊನೆಗೆ ನಮ್ಮ ಹೆಂಗಸರು ಆಡುವ ಮಾತೇ ಸರಿಯೆನಿಸಿತು. ಹಬ್ಬದ ದಿನ ಎಲೆ ಹಾಕಿ ಎಲ್ಲರೂ ಕುಳಿತಾಗ ನನ್ನ ತಾಯಿ ಬಡಿಸುತ್ತ ಬಡಿಸುತ್ತ, "ಅವನೂ ಇದ್ದಿದ್ದರೆ…" ಎಂದು ಅಲ್ಲಿಗೇ ನಿಲ್ಲಿಸಿ ಪಲ್ಯದ ಪಾತ್ರೆ ತರಲು ಒಳಗೆ ಹೋಗುತ್ತಿದ್ದರು. ಇದ್ದಿದ್ದರೆ ಏನಾಗುತ್ತಿತ್ತು? ವಾಕ್ಯ ಮುಗಿಯುವುದಿಲ್ಲ. ನಮ್ಮ ವ್ಯಾಕರಣದಲ್ಲಿ ‘ಅರೆ’ ಪ್ರತ್ಯಯ ಬಂದರೆ ಮುಂದೊಂದು ಕ್ರಿಯಾಪದ ಬರಲೇಬೇಕು. ಅಮ್ಮನ ವಾಕ್ಯದಲ್ಲಿ ಬರುವುದಿಲ್ಲ. ಆ ಖಾಲಿ ಜಾಗದ ಅರ್ಥವೇ ಈ ಹಾಡಿನದು. ಮಾವನಾದರೋ ಅದೇ ಹೊತ್ತಿನಲ್ಲಿ ಹಿತ್ತಿಲಲ್ಲಿ ಇರುತ್ತಿದ್ದರು. ಜನವಿದ್ದಾಗ ಪಂಕ್ತಿಗೆ ಬರುತ್ತಿರಲಿಲ್ಲ.

ಆ ಹಾಡು ಶುರುವಾಗುವುದು ರೇಡಿಯೋ ಮುಳ್ಳು ತಿರುಗಿಸುವ ಸದ್ದಿನಿಂದ. ಯಾರದೋ ಮಾತು, ಚೈಕೋವ್‌ಸ್ಕಿಯ ನಾಲ್ಕನೆಯ ಸಿಂಫನಿಯ ಒಂದು ತುಣುಕು, ಗೊರಗೊರ. ಆಮೇಲೆ ದೂರದ ರೇಡಿಯೋದಿಂದ ಬಂದಂತೆ ಬಡಕಲಾದ ಗಿಟಾರು. ಅದನ್ನು ಕೋಣೆಯಲ್ಲಿ ಕುಳಿತು ಕೇಳುತ್ತಿರುವ ಯಾರೋ ಒಮ್ಮೆ ಕೆಮ್ಮಿ, ತಮ್ಮ ಗಿಟಾರು ತೆಗೆದುಕೊಂಡು ಜೊತೆಗೆ ನುಡಿಸತೊಡಗುತ್ತಾರೆ. ಒಬ್ಬ ಅಲ್ಲಿ, ಒಬ್ಬ ಇಲ್ಲಿ, ನಡುವೆ ಗಾಳಿ. ಹೇಳಬೇಕಾದುದೆಲ್ಲ ಹಾಡು ಬಾಯಿ ತೆರೆಯುವ ಮೊದಲೇ ಮುಗಿದಿರುತ್ತದೆ. ಇನ್ನೊಂದು ಸ್ವಾರಸ್ಯ. ಅದೇ ಕಟ್ಟಡದಲ್ಲಿ ಆಗ ಯೆಹೂದಿ ಮೆನುಹಿನ್, ನಮ್ಮ ರವಿಶಂಕರರೊಡನೆ ನುಡಿಸಿದ ಮಹಾನುಭಾವ, ಸ್ತೆಫಾನ್ ಗ್ರಾಪೆಲ್ಲಿ ಎಂಬ ಜಾಜ್ ಪಿಟೀಲುಗಾರನ ಜೊತೆ ಧ್ವನಿಮುದ್ರಣ ಮಾಡುತ್ತಿದ್ದ. ಇವರು ಗ್ರಾಪೆಲ್ಲಿಯನ್ನು ಕರೆತಂದು ಈ ಹಾಡಿಗೆ ಪಿಟೀಲು ನುಡಿಸಿಸಿದರು. ಆಮೇಲೆ ಹಾಡಿಗೆ ಹೆಚ್ಚಾಯಿತೆನಿಸಿ ಕೇಳದಷ್ಟು ತಗ್ಗಿಸಿಬಿಟ್ಟರು. ೨೦೧೧ರಲ್ಲಿ ಪಿಟೀಲಿರುವ ಪಾಠವನ್ನೂ ಹೊರತಂದರು, ಕೇಳಿದೆ, ಸೊಗಸಾಗಿದೆ. ಆದರೂ ತಗ್ಗಿಸಿದ್ದೇ ಸರಿ. ಇರಬೇಕಾದವನು ಇಲ್ಲವೆಂಬ ಹಾಡಿನಲ್ಲಿ ಅಷ್ಟು ಒಳ್ಳೆಯ ನೆಂಟರು ಬಂದು ತುಂಬಿಕೊಳ್ಳಬಾರದು.

ಗೆಳೆಯರು ಆಮೇಲೆ ತಾವೇ ಬೇರೆಯಾದರು, ನ್ಯಾಯಾಲಯದ ತನಕ ಹೋದರು. ೨೦೦೨ರಲ್ಲಿ ವಾಟರ್ಸ್ ಬೆಂಗಳೂರಿಗೇ ಬಂದ. ನಾನು ಆಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ಊರಿಗೆ ಹೋದಾಗ, "ಮಾವ, ಬೆಂಗಳೂರಿಗೆ ಅವರು ಬರುತ್ತಾರಂತೆ, ಹೋಗೋಣವೆ?" ಎಂದು ಕೇಳಿದೆ. ಮಾವ ನನ್ನ ಮುಖ ನೋಡಿದರು. ಹಸುವಿನ ಮೈ ತೊಳೆದು ಮುಗಿಸಿ, ಕೈ ಒರೆಸಿಕೊಳ್ಳುತ್ತ, "ರಾತ್ರಿ ಬಸ್ಸಿರೋಲ್ಲ" ಎಂದರು. ನಿಜ, ಇರಲಿಲ್ಲ. ೨೦೦೫ರ ಜುಲೈಯಲ್ಲಿ ನಾಲ್ವರೂ ಲಂಡನ್ನಿನಲ್ಲಿ ಒಂದೇ ಒಂದು ಸಂಜೆ ಕೂಡಿ ನುಡಿಸಿದರು. ಈ ಹಾಡನ್ನು ಹಾಡುವ ಮುನ್ನ ವಾಟರ್ಸ್ ಸಿಡ್‌ನನ್ನು ನೆನೆದ. ಮರುವರ್ಷ ಜುಲೈಯಲ್ಲಿ ಸಿಡ್ ತೀರಿಕೊಂಡ, ಅರುವತ್ತು ವರ್ಷ. ಕೊನೆಯವರೆಗೂ ಕೇಂಬ್ರಿಜ್ಜಿನಲ್ಲಿ ತನ್ನ ಹಳೆಯ ಹೆಸರಿನಲ್ಲಿ, ಚಿತ್ರ ಬರೆದುಕೊಂಡು, ತೋಟ ಮಾಡಿಕೊಂಡು ಇದ್ದ. ೨೦೦೮ರಲ್ಲಿ ರೈಟನೂ ಹೋದ.

ಪ್ಲೇಟಿನ ಕೊನೆಯ ಭಾಗ ಆ ರೈಟನೊಬ್ಬನೇ ಕಟ್ಟಿದ್ದು. ನಿಧಾನವಾಗಿ, ಶವಯಾತ್ರೆಗೂ ಆಗದ, ಮೆರವಣಿಗೆಗೂ ಆಗದ ನಡಿಗೆಯಲ್ಲಿ ಸಾಗಿ, ಇನ್ನೇನು ಮುಗಿಯಿತು ಎನ್ನುವಾಗ ಒಂದು ಚಿಕ್ಕ ಮಟ್ಟು ಸುಳಿದುಹೋಗುತ್ತದೆ. ೧೯೬೭ರಲ್ಲಿ ಸಿಡ್ ಕಟ್ಟಿದ ‘ಸೀ ಎಮಿಲಿ ಪ್ಲೇ’ ಹಾಡಿನ ಮಟ್ಟು. ತಿಳಿದವರಿಗೆ ಕೇಳಿಸುತ್ತದೆ, ತಿಳಿಯದವರಿಗೆ ಅದು ನಾಲ್ಕಾರು ಸ್ವರ, ಅಷ್ಟೇ.

ಮಾವನಿಗೆ ಈಗ ಎಪ್ಪತ್ತು. ಯಂತ್ರ ಕೆಟ್ಟು ಎಷ್ಟೋ ವರ್ಷವಾಯಿತು. ಪ್ಲೇಟು ಅಟ್ಟದ ಮೇಲೆ ಎಲ್ಲೋ ಇರಬೇಕು. ನಾನು ಊರಿಗೆ ಹೋದಾಗ ಜಗಲಿಯ ಮೇಲೆ ಅವರ ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿಯೇ ಹಾಕುತ್ತೇನೆ. ಬೇಕು ಎನ್ನುವುದಿಲ್ಲ, ಬೇಡ ಎನ್ನುವುದಿಲ್ಲ. ಹೋದ ದೀಪಾವಳಿಯಲ್ಲಿ ಹಾಗೆ ಕೇಳುತ್ತಿರುವಾಗ ನಾಲ್ಕನೆಯ ಹಾಡಿನ ರೇಡಿಯೋ ಗೊರಗೊರ ಶುರುವಾಯಿತು. ಮಾವ ಕತ್ತು ಹೊರಳಿಸಿ ಮೊಬೈಲನ್ನು ನೋಡಿ, "ಸೂಜಿ ಸವೆದಿದೆ ಕಣೋ, ಬದಲಾಯಿಸು" ಎಂದರು. ಆಗಲಿ ಮಾವ ಎಂದೆ. ಗಿಟಾರು ಬಂದಿತು. ಕೆಮ್ಮು ಬಂದಿತು. ಕೊನೆಯ ಮಟ್ಟಿನ ತನಕ ಅವರು ಎಂದೂ ಕೂರುವುದಿಲ್ಲ. ಆ ಹೊತ್ತಿಗೆ ಹಸುವಿಗೆ ನೀರಿಡಬೇಕು, ಎದ್ದು ಹೋಗುತ್ತಾರೆ.